ಐದನೇ ಶನಿವಾರದ ಬಟವಾಡೆ

ಶನಿವಾರ ಸಂಜೆಯಾಗುವಷ್ಟರಲ್ಲಿ ರೈಟರ ಬಲಗೈ ಹೆಬ್ಬೆರಳು ನೀಲಿಯಾಗಿರುತ್ತಿತ್ತು. ಕೊಪ್ಪದ ಹತ್ತಿರದ ಒಂದು ಕಾಫಿ ತೋಟದಲ್ಲಿ ಹಾಜರಿ ಬರೆದು ವಾರದ ಕೂಲಿ ಹಂಚುತ್ತಿದ್ದವರು ಅವರು. ಸಹಿ ಬಾರದ ಮುದುಕಿಯರ ಹೆಬ್ಬೆರಳನ್ನು ತಾವೇ ಹಿಡಿದು ಇಂಕಿನ ಪ್ಯಾಡಿಗೆ ಒತ್ತಿಸುವರು, ಆಮೇಲೆ ಒರೆಸಿಕೊಳ್ಳಲು ಬಟ್ಟೆ ಕೊಡುವರು. ತಮ್ಮ ಕೈ ಒರೆಸಿಕೊಳ್ಳುವುದು ಮಾತ್ರ ಮರೆತೇಹೋಗುತ್ತಿತ್ತು.

ನಾನು ಆ ತೋಟದ ಜೀಪು ಓಡಿಸುತ್ತಿದ್ದೆ. ಬಟವಾಡೆ ನಾಲ್ಕು ಗಂಟೆಗೆ ಎಂದರೆ ನಾಲ್ಕಕ್ಕೇ. ಅದನ್ನು ನಂಬಿಯೇ ಪೇಟೆಯ ಅಂಗಡಿಯವರು ನಮಗೆ ಸಾಲ ಕೊಡುತ್ತಿದ್ದರು, ಜಡಿಮಳೆಯಲ್ಲೂ ಆಳುಗಳು ತಪ್ಪದೆ ಬರುತ್ತಿದ್ದರು. “ಕೂಲಿ ಹೊತ್ತಿಗ್ ಸರಿಯಾಗಿ ಕೊಟ್ರೆ ಯಾರಿಗೂ ಕೆಲ್ಸ ಮಾಡಿ ಅನ್ನಬೇಕಾಗಲ್ಲ ಮಾರಾಯ” ಎನ್ನುವರು ರೈಟರು.

ತೋಟದ ಹಳೇ ಸಾಹುಕಾರರು ತೀರಿಕೊಂಡು ಮಗ ಯಜಮಾನನಾದ. ಹೊಸ ಕಾರು ಬಂತು. ಅದೇ ವರ್ಷ ಒಂದು ಶನಿವಾರ ರೈಟರು ಬರಿಗೈಯಲ್ಲಿ ಬಂದು, ಈ ವಾರ ಬಟವಾಡೆ ಇಲ್ಲ ಎಂದರು. ಕಾರಣ ಹೇಳಲಿಲ್ಲ. ಹಿಂದಿನ ವಾರದವರೆಗೂ ದುಡ್ಡು ಬಂದಿತ್ತಲ್ಲ, ಹಾಗಾಗಿ ಸಾಹುಕಾರನ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ನಮ್ಮ ಕೈಗೆ ದುಡ್ಡು ಕೊಡುತ್ತಿದ್ದವರು ರೈಟರು. ಕಳ್ಳರೂ ಅವರೇ ಆದರು. ಗುಸುಗುಸು ಎಲ್ಲರದ್ದೂ ಇತ್ತು, ಬಾಯಿಬಿಟ್ಟು ಕೇಳಿದ ಮಹಾಶೂರ ನಾನು.

“ನಮ್ ದುಡ್ಡು ಎಲ್ಲಿಟ್ರಿ ರೈಟ್ರೇ?”

ಅವರು ನನ್ನನ್ನೇ ನೋಡಿದರು. “ನಿಂಗೂ ಹಂಗೇ ಅನ್ನಿಸ್ತಾ ಮಾರಾಯ?” ಎಂದು ಹಾಜರಿ ಪುಸ್ತಕ ಮೇಜಿನ ಮೇಲಿಟ್ಟು ನಡೆದರು. ಜಗಲಿಯಲ್ಲಿ ನಿಂತು ಎಲ್ಲ ಕೇಳಿಸಿಕೊಂಡ ಸಾಹುಕಾರ ಒಳಗೆ ಹೋದ. ಸೋಮವಾರ ಅರ್ಧ ಆಳು ಬೇರೆ ತೋಟಗಳಿಗೆ ಹೋದರು. ರೈಟರಿಲ್ಲದ ಆಮೇಲಿನ ವಾರಗಳಲ್ಲೂ ಕೂಲಿ ಬರದಿದ್ದಾಗ ನಮಗೆ ಬುದ್ಧಿ ಬಂತು. ಬುದ್ಧಿ ಬಂದರೂ ನಾಚಿಕೆಯಿಂದ ಅವರ ಮನೆ ಕಡೆ ತಲೆ ಹಾಕಲಿಲ್ಲ.

ಹೋದ ವರ್ಷ ರೈಟರು ತೀರಿಕೊಂಡ ಸುದ್ದಿ ತಿಳಿದು ಅವರಿದ್ದ ಕಡಹಿನಬೈಲಿಗೆ ಹೋದೆ. ಬಾಡಿಗೆ ಮನೆ. ಪಕ್ಕದ ಜಾಗದಲ್ಲಿ ಅವರೇ ಹಾಕಿಸಿದ್ದ ಅಡಿಪಾಯದೊಳಗೆ ಗಿಡಗಂಟಿ ಬೆಳೆದಿತ್ತು. ಅವರ ಹೆಂಡತಿ ಹೇಳಿದರು: ಆ ಶನಿವಾರಕ್ಕೂ ಮುಂಚಿನ ನಾಲ್ಕು ವಾರ ಸಾಹುಕಾರ ಕಾಸು ಕೊಟ್ಟಿರಲಿಲ್ಲವಂತೆ. ತೋಟದ ಮರ್ಯಾದೆ ಹೋಗಬಾರದು, ಹೇಗೂ ಕೊಡುತ್ತಾನೆ ಎಂದು ಮನೆ ಕಟ್ಟುವ ದುಡ್ಡನ್ನೇ ರೈಟರು ನಮಗೆ ಹಂಚಿದ್ದರಂತೆ.

ಮುಂದಿನ ತಿಂಗಳು ನನ್ನ ಪಾಲಿನ ನಾಲ್ಕು ವಾರದ ಸಂಬಳ ಹಿಡಿದು ಮತ್ತೆ ಹೋದೆ. ರೈಟರ ಹೆಂಡತಿ ಅದನ್ನು ಮುಟ್ಟಲಿಲ್ಲ.

“ದುಡ್ಡು ನೀವೇ ಇಟ್ಕಳಿ. ಸಾಯೋ ತನಕ ಅವ್ರು ಕಾದಿದ್ದು ದುಡ್ಡಿಗಲ್ಲ. ನಿಮ್ಮಲ್ಲಿ ಒಬ್ರಾದ್ರೂ ಬತ್ತೀರೇನೋ ಅಂತ.”