ತೂಬಿನ ಕಲ್ಲಿನ ಮೇಲಿಂದ ಬಂದ ಲೆಕ್ಕ

ವಿವರಿಸಲಾಗದ ಇಂಥ ಅನುಭವಗಳನ್ನು ಯಾರಾದರೂ ಹೇಳತೊಡಗಿದರೆ ನಾನು ಏನೋ ನೆಪ ಹೇಳಿ ಎದ್ದುಹೋಗುತ್ತಿದ್ದವಳು. ಅವರು ಸುಳ್ಳು ಹೇಳುತ್ತಾರೆ ಎಂದಲ್ಲ, ಸರಿಯಾಗಿ ಗಮನಿಸಿರುವುದಿಲ್ಲ ಎಂಬುದು ನನ್ನ ಅಭಿಪ್ರಾಯವಾಗಿತ್ತು. ನಾನು ಮಾಡುವ ಕೆಲಸವೂ ಅಂಥದೇ. ದೊಡ್ಡಬಳ್ಳಾಪುರ, ನೆಲಮಂಗಲದ ಕಡೆ ಹಕ್ಕಿ ನೋಡುವ ಹವ್ಯಾಸಿಗಳು ತಾವು ಕಂಡದ್ದನ್ನು ಫೋನಿನ ಮೂಲಕ ಒಂದು ಪಟ್ಟಿಗೆ ಸೇರಿಸುತ್ತಾರೆ. ಅಪರೂಪದ ಹೆಸರೇನಾದರೂ ಬಂದರೆ ಅದು ಹೌದೋ ಅಲ್ಲವೋ ಎಂದು ಪರಿಶೀಲಿಸುವ ಕೆಲವರಲ್ಲಿ ನಾನೂ ಒಬ್ಬಳು. ಸಂಬಳವಿಲ್ಲದ ಕೆಲಸ. ಫೋಟೊ ಇದೆಯೇ, ಬೆಳಕು ಹೇಗಿತ್ತು ಎಂದು ಕೇಳುತ್ತೇನೆ. ಸಮಾಧಾನವಾಗದಿದ್ದರೆ ‘ಒಪ್ಪಿಲ್ಲ’ ಎಂದು ಗುರುತು ಹಾಕುತ್ತೇನೆ. ಹಾಗೆ ಗುರುತು ಹಾಕಿದ ಒಂದು ದಾಖಲೆಯಿಂದಲೇ ಇದೆಲ್ಲ ಶುರುವಾಯಿತು.

ದೊಡ್ಡಬಳ್ಳಾಪುರದ ಕಡೆಯ ಮಧುರೆಯ ಆಸುಪಾಸಿನಲ್ಲಿ ಒಂದು ಕೆರೆ ಇದೆ. ಹೆಸರು ಹೇಳುವುದಿಲ್ಲ. ಹೇಳಿದರೆ ಬರುವ ಭಾನುವಾರವೇ ಏರಿಯ ತುಂಬ ಕ್ಯಾಮೆರಾ ಹಿಡಿದವರು ನಿಂತಿರುತ್ತಾರೆ. ಮುನಿಯಪ್ಪ ಆ ಕೆರೆಯ ನೀರಗಂಟಿ. ತೂಬು ಎತ್ತಿ ಗದ್ದೆಗಳಿಗೆ ನೀರು ಬಿಡುವುದು ಅವರ ಮನೆತನದ ಕೆಲಸ. ಗದ್ದೆಗಳೆಲ್ಲ ಸೈಟುಗಳಾಗಿ ತೂಬಿಗೆ ಕೆಲಸವೇ ಇಲ್ಲದಂತಾದ ಮೇಲೂ ಅವರು ಬೆಳಗಾದರೆ ಏರಿಯ ಮೇಲೆ ಒಂದು ಸುತ್ತು ಬರುವುದನ್ನು ಬಿಟ್ಟಿರಲಿಲ್ಲ. ನಾನು ಎಂ.ಎಸ್ಸಿ. ಪ್ರಾಜೆಕ್ಟಿಗೆಂದು ಅಲ್ಲಿಗೆ ಹೋದಾಗ ಪರಿಚಯವಾದರು. ತಾತ ಎನ್ನುತ್ತಿದ್ದೆ. ಎರಡು ಚಳಿಗಾಲ ಇಬ್ಬರೂ ಸೇರಿ ಹಕ್ಕಿ ಎಣಿಸಿದೆವು. ಅವರು ತೂಬಿನ ಕಲ್ಲಿನ ಮೇಲೆ ಕುಕ್ಕರುಗಾಲಿನಲ್ಲಿ ಕೂತು ಎಣಿಸಿ ಹೇಳುತ್ತಿದ್ದರು. ನಾನು ಪಕ್ಕದಲ್ಲಿ ನಿಂತು ತಲೆಯೆತ್ತದೆ ಬರೆದುಕೊಳ್ಳುತ್ತಿದ್ದೆ. ದುರ್ಬೀನು ಕೊಟ್ಟರೆ ಕಣ್ಣು ಕಟ್ಟಿದಂತಾಗುತ್ತದೆ ಎಂದು ವಾಪಸು ಕೊಡುತ್ತಿದ್ದರು.

ಕಣದಲ್ಲಿ ರಾಗಿ ಅಳೆಯುವಾಗ ಮೊದಲ ಅಳತೆಗೆ ಒಂದು ಎನ್ನದೆ ‘ಲಾಭ’ ಎನ್ನುವ ರೂಢಿ ಇದೆ. ತಾತ ಹಕ್ಕಿಗಳನ್ನೂ ಹಾಗೆಯೇ ಎಣಿಸುತ್ತಿದ್ದರು: ಲಾಭ, ಎರಡು, ಮೂರು. ಮೊದಲ ದಿನ ನಾನು ನಕ್ಕುಬಿಟ್ಟಿದ್ದೆ.

“ನಗು, ನಗು. ನಿನ್ ಪುಸ್ತಕದಾಗೆ ನೀನು ಒಂದು ಅಂತಾನೇ ಬರ್ಕೋ. ನನ್ ಬಾಯಿಗೆ ಲಾಭಾನೇ ಬರೋದು. ಒಂದು ಅಂದ್ರೆ ಒಂದೇ ಆಗೋಯ್ತದೆ ಕಣವ್ವಾ,” ಎಂದಿದ್ದರು.

ನಾನು ಒಂದು ಎಂದೇ ಬರೆದುಕೊಳ್ಳುತ್ತಿದ್ದೆ. ಆ ಎರಡು ವರ್ಷಗಳ ಪುಸ್ತಕಗಳಲ್ಲಿ ಎಲ್ಲಿಯೂ ಲಾಭ ಎಂಬ ಮಾತಿಲ್ಲ.

ಮೂರನೆಯ ಚಳಿಗಾಲಕ್ಕೆ ನಾನು ಕೆಲಸಕ್ಕೆ ಸೇರಿ ದೇವನಹಳ್ಳಿಯಲ್ಲಿದ್ದೆ. ಒಂದು ಬೆಳಿಗ್ಗೆ ತಾತ ಫೋನು ಮಾಡಿ, ಕರಿ ಕೊಕ್ಕರೆ ಬಂದಿದೆ ಎಂದರು. ಹೊಟ್ಟೆಯೊಂದು ಬಿಟ್ಟು ಮೈಯೂ ಕತ್ತೂ ಕಪ್ಪಾಗಿರುವ ಈ ಕೊಕ್ಕರೆ ನಮ್ಮ ಕಡೆ ಬಹಳ ಅಪರೂಪ. ಬಿಳಿ ಕತ್ತಿನ ಕೊಕ್ಕರೆ ಆಗಾಗ ಬರುತ್ತದೆ. ದೂರದಿಂದ ನೋಡಿದವರು ಅದನ್ನೇ ಇದೆಂದು ತಿಳಿಯುವುದುಂಟು. ತಾತನ ಹೆಸರಿನಲ್ಲಿ ನಾನೇ ಪಟ್ಟಿಗೆ ಸೇರಿಸಿದೆ. ಮಾರನೆಯ ದಿನ ರಜೆ ಹಾಕಿ ಹೋಗಿ ನೋಡಿದರೆ ಅವರು ಹೇಳಿದ ಜಾಗದಲ್ಲಿ ಎರಡು ಬಿಳಿ ಕತ್ತಿನ ಕೊಕ್ಕರೆಗಳು ನಿಂತಿದ್ದವು. ನನಗೆ ಅಷ್ಟೇ ಸಾಕಾಯಿತು. ತಾತನನ್ನು ಏನೂ ಕೇಳಲಿಲ್ಲ. ‘ಒಪ್ಪಿಲ್ಲ, ಗುರುತಿಸುವಲ್ಲಿ ತಪ್ಪಾಗಿದೆ’ ಎಂದು ಬರೆದು, ಆಮೇಲೆ ಫೋನಿನಲ್ಲಿ ಅವರಿಗೆ ತಿಳಿಸಿದೆ.

“ಬಿಳೀ ಕತ್ತಿಂದು ನಂಗೊತ್ತಿಲ್ವೇನವ್ವಾ?” ಎಂದರು. ಅದಾದ ಮೇಲೆ ಅವರಿಂದ ಫೋನು ಬರಲಿಲ್ಲ.

ಕೆಲವು ತಿಂಗಳ ನಂತರ ಅವರ ಮಗಳು ನಾಗರತ್ನಮ್ಮ ದೊಡ್ಡಬಳ್ಳಾಪುರದ ಬಸ್ ನಿಲ್ದಾಣದಲ್ಲಿ ಸಿಕ್ಕರು. “ಏನ್ ಮೇಡಂ, ನಮ್ಮಪ್ಪನ ಹೆಸ್ರು ಅಳಿಸ್ಬಿಟ್ರಂತೆ? ಹೆಸ್ರು ಬಂದಾಗ ನನ್ ಫೋನ್ ಹಿಡ್ಕೊಂಡು ಊರೆಲ್ಲಾ ತೋರ್ಸ್ಕೊಂಡು ಬಂದಿತ್ತು. ಈಗ ಟೀ ಅಂಗ್ಡಿ ಮುಂದೆ ಹೋದ್ರೆ, ‘ಏನ್ ಮುನಿಯಪ್ಪಾ, ಇವತ್ ಕಾಗೆ ಕಂಡ್ಯಾ, ನವಿಲ್ ಕಂಡ್ಯಾ’ ಅಂತಾರೆ. ಕೆರೆ ಕಡೀಕೆ ಹೋಗೋದೇ ಬಿಟ್‌ಬಿಟ್ಟೈತೆ,” ಎಂದರು. ನಾನು ನಿಯಮಗಳ ಬಗ್ಗೆ ಏನೋ ಹೇಳಿದೆ. ಅವರು ಪೂರ್ತಿ ಕೇಳದೆ ಬಸ್ಸು ಹತ್ತಿದರು.

ಇನ್ನೊಂದು ವರ್ಷ ಕಳೆಯಿತು. ತಾತ ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡು, ತ್ಯಾಮಗೊಂಡ್ಲಿನಲ್ಲಿ ಮಗಳ ಮನೆಯಲ್ಲಿ ಹಾಸಿಗೆ ಹಿಡಿದಿದ್ದಾರೆಂದು ಕೇಳಿದೆ. ಹೋಗಿ ನೋಡಬೇಕಿತ್ತು. ಮುಖವಿರಲಿಲ್ಲ.

ಆ ಜನವರಿಯಲ್ಲಿ ಕೆರೆಯ ಎಣಿಕೆಗೆ ಒಬ್ಬಳೇ ಹೋದೆ. ಆರೂವರೆಯಾಗಿತ್ತು. ಹತ್ತು ಹೆಜ್ಜೆ ಮುಂದಿನದು ಕಾಣದಷ್ಟು ಮಂಜು. ನೀರಿನ ಕಡೆಯಿಂದ ಬಾತುಗಳ ಸದ್ದು ಮಾತ್ರ ಕೇಳುತ್ತಿತ್ತು. ತೂಬಿನ ಹತ್ತಿರ ನಿಂತು, ಮಂಜು ಕರಗಲಿ ಎಂದು ಪುಸ್ತಕ ತೆಗೆದು ಜಾಗ, ಸಮಯ ಬರೆದೆ.

ಇಲ್ಲಿಂದ ಮುಂದಿನದನ್ನು ನಡೆದ ಹಾಗೆಯೇ ಹೇಳಲು ಪ್ರಯತ್ನಿಸುತ್ತೇನೆ. ಒಬ್ಬರೇ ಎಣಿಸುವಾಗ ಒಂದು ತೊಡಕಿದೆ. ದುರ್ಬೀನಿನಲ್ಲಿ ನೋಡಬೇಕು, ಇಳಿಸಿ ಬರೆಯಬೇಕು, ಮತ್ತೆ ನೋಡುವಷ್ಟರಲ್ಲಿ ಎಲ್ಲಿ ಬಿಟ್ಟಿದ್ದೆ ಎಂಬುದು ಮರೆತಿರುತ್ತದೆ. ಅಂದು ಆ ತೊಡಕೇ ಇರಲಿಲ್ಲ. ನಾನು ಸುಮ್ಮನೆ ಬರೆಯುತ್ತಿದ್ದೆ. ಎಡಗಡೆಯಿಂದ, ತೂಬಿನ ಕಲ್ಲಿನ ಕಡೆಯಿಂದ, ತಾತನ ದನಿ ಎಂದಿನ ನಿಧಾನದಲ್ಲಿ ಎಣಿಸುತ್ತಿತ್ತು. ಒಂದೊಂದು ಹಕ್ಕಿಯ ಹೆಸರು, ಅದರ ಲೆಕ್ಕ, ನಡುವೆ ಒಂದು ಸಣ್ಣ ಕೆಮ್ಮು. ನನಗೆ ಆಶ್ಚರ್ಯವಾಗಲಿಲ್ಲ. ಎರಡು ಚಳಿಗಾಲ ಹಾಗೆಯೇ ಬರೆದ ಕೈ ಅದು, ಅದರ ಪಾಡಿಗೆ ಬರೆಯುತ್ತಿತ್ತು. ಎಷ್ಟು ಹೊತ್ತು ಎಂದು ಹೇಳಲಾರೆ. ಎರಡು ಪುಟ ತುಂಬಿತ್ತು.

ಆಮೇಲೆ ಆ ದನಿ, “ಕರಿ ಕೊಕ್ಕರೆ, ಲಾಭ. ಬಲಗಡೆ ಜೊಂಡಿನ ತಾವ. ಕತ್ತು ನೋಡವ್ವಾ,” ಎಂದಿತು.

ದುರ್ಬೀನು ಎತ್ತಿದೆ. ಜೊಂಡಿನ ಬಳಿ ಮಂಜು ಅಷ್ಟಗಲ ಹರಿದಿತ್ತು. ಅಲ್ಲಿ ಕೆಂಪು ಕೊಕ್ಕಿನ ದೊಡ್ಡ ಹಕ್ಕಿಯೊಂದು ಮೊಣಕಾಲಿನ ತನಕ ನೀರಿನಲ್ಲಿ ನಿಂತಿತ್ತು. ಹೊಟ್ಟೆ ಮಾತ್ರ ಬಿಳಿ. ಕತ್ತು ಬುಡದವರೆಗೂ ಕಪ್ಪು. “ತಾತಾ, ಕಪ್ಪೇ!” ಎನ್ನುತ್ತ ಎಡಕ್ಕೆ ತಿರುಗಿದೆ.

ಕಲ್ಲಿನ ಮೇಲೆ ಯಾರೂ ಇರಲಿಲ್ಲ. ಕಲ್ಲು ಇಬ್ಬನಿಯಿಂದ ಒದ್ದೆಯಾಗಿತ್ತು, ಯಾರೂ ಕೂತ ಗುರುತಿರಲಿಲ್ಲ. ಮತ್ತೆ ಕೆರೆಯತ್ತ ನೋಡುವಷ್ಟರಲ್ಲಿ ಹಕ್ಕಿ ರೆಕ್ಕೆ ಬಿಚ್ಚಿ ಮಂಜಿನೊಳಗೆ ಹೋಗುತ್ತಿತ್ತು. ಕ್ಯಾಮೆರಾ ಚೀಲದಲ್ಲೇ ಇತ್ತು.

ಆಗಲೂ ಹೆದರಿಕೆಯಾಗಲಿಲ್ಲ. ಹಕ್ಕಿ ಹಾರಿದ ಸಮಯ ಬರೆಯಲೆಂದು ಪುಸ್ತಕ ನೋಡಿದೆ. ಅಕ್ಷರ ನನ್ನದೇ. ಒಂಟಿ ಹಕ್ಕಿಗಳ ಮುಂದೆಲ್ಲ ಅಂಕಿಯಿಲ್ಲದೆ ‘ಲಾಭ’ ಎಂದು ಬರೆದಿದ್ದೆ. ಆಚೆ ದಡದ ಬಾತುಗಳ ಲೆಕ್ಕವೂ ಇತ್ತು. ಅಷ್ಟು ಹೊತ್ತು ಆಚೆ ದಡ ನನಗೆ ಕಂಡೇ ಇರಲಿಲ್ಲ. ಒಂಬತ್ತು ಗಂಟೆಗೆ ಬಿಸಿಲು ಬಂದ ಮೇಲೆ ಅವನ್ನು ಎಣಿಸಿ ನೋಡಿದೆ. ಲೆಕ್ಕ ಸರಿಯಿತ್ತು.

ತಾತ ಹೋಗಿಬಿಟ್ಟರೇನೋ ಎಂಬ ಯೋಚನೆ ಬಂತು. ಫೋನು ಮಾಡುವ ಧೈರ್ಯವಾಗಲಿಲ್ಲ, ಸ್ಕೂಟರಿನಲ್ಲಿ ನೇರ ತ್ಯಾಮಗೊಂಡ್ಲಿಗೆ ಹೋದೆ. ನಾಗರತ್ನಮ್ಮ ಬಾಗಿಲಲ್ಲೇ ಅವರೆಕಾಯಿ ಬಿಡಿಸುತ್ತಿದ್ದರು. ತಾತ ಹೇಗಿದ್ದಾರೆ ಎಂದೆ. “ಏನಾಗೈತೆ? ಎಂಟ್ ಗಂಟೆಗಂಟ ಗೊರಕೆ ಹೊಡ್ದು ಈಗ ಕಾಫಿ ಸಾಲ್ದು ಅಂತ ಜಗಳ ಆಡ್ತೈತೆ. ಬನ್ನಿ, ಈಗ್ಲಾದ್ರೂ ದಾರಿ ಗೊತ್ತಾಯ್ತಲ್ಲ,” ಎಂದರು.

ತಾತ ತುಂಬ ಇಳಿದುಹೋಗಿದ್ದರು. ನನ್ನನ್ನು ಕಂಡವರೇ, “ಕತ್ತು ನೋಡ್ದೇನವ್ವಾ?” ಎಂದರು.

ಅದು ಯಾವ ದಿನದ ಮಾತು ಎಂದು ನಾನು ಕೇಳಲಿಲ್ಲ. ಹಳೆಯ ನೋವನ್ನೇ ಅವರು ಎತ್ತಿದ್ದಿರಬಹುದು. ಎರಡು ವರ್ಷದ ಹಿಂದೆ ನಾನು ಕೇಳಬೇಕಾಗಿದ್ದ ಪ್ರಶ್ನೆಯೂ ಅದೇ. “ನೋಡ್ದೆ ತಾತ, ಕಪ್ಪಗಿತ್ತು,” ಎಂದೆ. ಅವರು ಕಣ್ಣು ಮುಚ್ಚಿ ಹೂಂ ಎಂದರು.

ಮಂಚದ ಪಕ್ಕದಲ್ಲೇ ಕೂತು, ಹಿಂದೆ ಅವರು ಫೋನು ಮಾಡಿ ಹೇಳಿದ್ದ ಹಕ್ಕಿಯ ಕೊಕ್ಕು, ಕಾಲು, ಕತ್ತು, ಹೊಟ್ಟೆ, ಅದು ನಿಂತಿದ್ದ ರೀತಿ ಎಲ್ಲವನ್ನೂ ಕೇಳಿ ಬರೆದುಕೊಂಡೆ. ವಿವರಣೆ ಇಷ್ಟು ಸ್ಪಷ್ಟವಾಗಿದ್ದರೆ ಫೋಟೊ ಇಲ್ಲದೆಯೂ ಒಪ್ಪಲು ನಮ್ಮ ನಿಯಮದಲ್ಲಿ ಅವಕಾಶವಿದೆ. ನಾನು ಕೇಳಿರಲಿಲ್ಲ, ಅಷ್ಟೇ. ಉಳಿದ ಪರಿಶೀಲಕರಿಗೆ ವಿವರಣೆ ಕಳುಹಿಸಿ, ತಪ್ಪು ನನ್ನದೆಂದು ಬರೆದೆ. ಆ ಬೆಳಿಗ್ಗೆಯ ವಿಷಯ ಬರೆಯಲಿಲ್ಲ. ವಾರದೊಳಗೆ ದಾಖಲೆ ಒಪ್ಪಿಗೆಯಾಯಿತು. ನಾಗರತ್ನಮ್ಮನ ಫೋನಿನಲ್ಲಿ ಹೆಸರು ನೋಡಿ ತಾತ ಮಾಡಿದ ಮೊದಲ ಕೆಲಸ, ಟೀ ಅಂಗಡಿಯವನಿಗೆ ಫೋನು ಮಾಡಿಸಿದ್ದು.

ನನ್ನ ಮನಸ್ಸಿನ ಅಳುಕೇ ಅವರ ದನಿಯಾಗಿ ಕೇಳಿಸಿತು ಎಂದು ಬಹಳ ಸಲ ಹೇಳಿಕೊಂಡಿದ್ದೇನೆ. ಅಷ್ಟನ್ನು ಒಪ್ಪಬಲ್ಲೆ. ಆದರೆ ಆಚೆ ದಡದ ಬಾತುಗಳನ್ನು ಎಣಿಸಿದವರು ಯಾರು ಎಂಬಲ್ಲಿಗೆ ಬಂದು ನಿಲ್ಲುತ್ತೇನೆ.

ಆ ಬೆಳಗಿನ ಪಟ್ಟಿ ಇನ್ನೂ ನನ್ನ ಫೋನಿನಲ್ಲೇ ಇದೆ. ಹಕ್ಕಿಗಳ ಹೆಸರು, ಲೆಕ್ಕ, ಸಮಯ ಎಲ್ಲ ತುಂಬಿದ್ದೇನೆ. ವೀಕ್ಷಕರು ಎಷ್ಟು ಜನ ಎಂದು ಕೇಳುವ ಒಂದು ಕಡೆ ಮಾತ್ರ ಖಾಲಿ ಬಿಟ್ಟಿದ್ದೇನೆ. ಅದನ್ನು ತುಂಬದೆ ಪಟ್ಟಿ ಕಳುಹಿಸಲು ಬರುವುದಿಲ್ಲ.