ಮೈಕಿನಲ್ಲಿ ಹೊಗಳಿದ ಜೋಡಿ

ನನ್ನ ಗಂಟಲು ದೊಡ್ಡದು. ಅದೊಂದನ್ನು ಬಿಟ್ಟರೆ ಎತ್ತಿನ ಗಾಡಿ ಓಟಕ್ಕೂ ನನಗೂ ಯಾವ ಸಂಬಂಧವೂ ಇರಲಿಲ್ಲ. ಹೊಳಲ್ಕೆರೆಯಲ್ಲಿ ಮೇಷ್ಟ್ರಾಗಿದ್ದೆ. ಒಂದು ಸ್ವಾತಂತ್ರ್ಯ ದಿನಾಚರಣೆಯಲ್ಲಿ ಮೈಕ್ ಕೈಕೊಟ್ಟಾಗ ನಾನು ಹಾಗೇ ನಿಂತು ಕೂಗಿದ್ದು ರಸ್ತೆಯಾಚೆಯ ಅಡಿಕೆ ಮಂಡಿಯವರಿಗೂ ಕೇಳಿಸಿತಂತೆ. ಮಂಡಿಯಲ್ಲಿದ್ದವರೊಬ್ಬರು ಓಟದ ಕಮಿಟಿಯವರು. ಮಾರನೆಯ ವಾರವೇ ಮನೆಗೆ ಬಂದು ಕೂತರು. ಭಾನುವಾರ ಮನೆಯಲ್ಲಿ ಕೂತು ಮಾಡುವುದಾದರೂ ಏನು ಅಂದುಕೊಂಡು ಒಪ್ಪಿಬಿಟ್ಟೆ.

ತೊಂಬತ್ತರ ದಶಕದ ಕೊನೆಯಿಂದ ಎಷ್ಟೋ ವರ್ಷ, ಸುಗ್ಗಿ ಮುಗಿದು ಯುಗಾದಿ ಬರುವ ತನಕ, ಹೊಸದುರ್ಗ, ಹಿರಿಯೂರು, ಚಿತ್ರದುರ್ಗದ ಸುತ್ತಮುತ್ತ ಎಲ್ಲಿ ಓಟ ನಡೆದರೂ ಮೈಕ್ ನನ್ನ ಕೈಯಲ್ಲೇ ಇರುತ್ತಿತ್ತು. ಓಟ ಶುರುವಾಗುವ ಮುಂಚೆ ಒಂದೊಂದೇ ಜೋಡಿಯನ್ನು ವೇದಿಕೆಯ ಮುಂದೆ ನಡೆಸಿಕೊಂಡು ಬರುತ್ತಾರೆ. ಯಾವ ಊರಿನ ಜೋಡಿ, ಎತ್ತಿಗೆ ಎಷ್ಟು ಹಲ್ಲು, ಹೋದ ಓಟದಲ್ಲಿ ಹೇಗೆ ಓಡಿತ್ತು ಎನ್ನುವುದನ್ನೆಲ್ಲ ನಾನು ಹೇಳಬೇಕು. ಎಲ್ಲ ಮುಗಿದ ಮೇಲೆ ಇವತ್ತು ಗೆಲ್ಲುವ ಮೂರು ಜೋಡಿ ಯಾವುವು ಅಂತ ನನ್ನ ಅಂದಾಜನ್ನೂ ಹೇಳಬೇಕು. ಜನ ಕಾಯುವುದು ಅದಕ್ಕೇ. ಹೇಳಿ ಮುಗಿಸುವುದರೊಳಗೆ ಟೀ ಅಂಗಡಿಯ ಹತ್ತಿರ ಜಗಳ ಶುರುವಾಗಿರುತ್ತಿತ್ತು.

ಕಷ್ಟ ಏನೆಂದರೆ, ಅಂದಾಜು ಎಲ್ಲರಿಗೂ ಬೇಕು, ತಮ್ಮ ಜೋಡಿಯ ಹೆಸರು ಮಾತ್ರ ಅದರಲ್ಲಿ ಬರಬಾರದು. ಅಷ್ಟು ಜನದ ನಡುವೆ ಎತ್ತನ್ನು ಹೊಗಳಿದರೆ ದೃಷ್ಟಿಯಾಗುತ್ತದೆ ಎನ್ನುವ ಭಯ. ಹಣೆಗೆ ಮಸಿ, ಕೊಂಬಿಗೆ ಕರಿದಾರ, ಕೊರಳಿಗೆ ನಿಂಬೆಹಣ್ಣು ಕಟ್ಟಿದ್ದರೂ ಧೈರ್ಯ ಸಾಲದು. ಬೆಳಿಗ್ಗೆಯೇ ವೇದಿಕೆಯ ಹಿಂದೆ ಬಂದು ನನ್ನ ಕೈ ಹಿಡಿದುಕೊಳ್ಳುತ್ತಿದ್ದರು.

"ಮೇಷ್ಟ್ರೇ, ನಮ್ಮ ಜೋಡಿ ಸುದ್ದಿ ಜಾಸ್ತಿ ಹೇಳಬ್ಯಾಡ್ರಿ. ಸುಮಾರಾಗಿ ಐತೆ ಅಂದುಬಿಡ್ರಿ."

ಗೆಲ್ಲುವ ಜೋಡಿಯನ್ನು ಸುಮಾರು ಅನ್ನಬೇಕು, ಸುಮಾರಿನದನ್ನು ಹೊಗಳಬೇಕು. ಇದೆಂಥ ಅಂದಾಜು ಅಂತ ಎಷ್ಟು ಸಲ ರೇಗಿದ್ದೇನೋ ಲೆಕ್ಕವಿಲ್ಲ. ಕೊನೆಗೆ ನಾನೇ ಒಂದು ದಾರಿ ಮಾಡಿಕೊಂಡೆ. ನಿಜವಾಗಿ ಗೆಲ್ಲುತ್ತದೆ ಅನ್ನಿಸಿದ ಜೋಡಿಯನ್ನು ಮೂರನೆಯದಾಗಿ, ಮೆಲ್ಲಗೆ, ಮರೆತಿದ್ದವನು ಜ್ಞಾಪಿಸಿಕೊಂಡ ಹಾಗೆ ಹೇಳುತ್ತಿದ್ದೆ. ಹಳೆಯ ಜನಕ್ಕೆ ಅದು ಬೇಗ ಗೊತ್ತಾಗಿಹೋಯಿತು. ಮೊದಲ ಎರಡು ಹೆಸರಿಗೆ ಅವರು ಬೀಡಿ ಹಚ್ಚುತ್ತಿದ್ದರು, ಮೂರನೆಯದಕ್ಕೆ ಕಿವಿ ಕೊಡುತ್ತಿದ್ದರು. ಇನ್ನೊಂದು ಕಟ್ಟುಪಾಡೂ ಇತ್ತು. ಮೈಕಿನಲ್ಲಿ ಯಾವ ಎತ್ತನ್ನೂ ಕುಂಟು ಅನ್ನುವಂತಿಲ್ಲ. ಅಂದರೆ ಹೊಡೆದಾಟವೇ ಆಗುತ್ತಿತ್ತು.

ನನ್ನ ಬಾವನದೂ ಒಂದು ಜೋಡಿ ಇತ್ತು. ಅಕ್ಕನನ್ನು ಕೊಟ್ಟದ್ದು ಹಿರಿಯೂರಿನ ಕಡೆಯ ಒಂದು ಹಳ್ಳಿಗೆ. ಬಾವ ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟು ಎತ್ತಿನ ಹಿಂದೆ ಹೋದವನು. ನಮ್ಮ ಅಪ್ಪ ಒಲ್ಲದ ಮನಸ್ಸಿನಿಂದಲೇ ಕೊಟ್ಟಿದ್ದ. ಹಬ್ಬಕ್ಕೆ ಬಂದರೆ ನಾವೆಲ್ಲ ಪೇಪರಿನ ವಿಷಯ ಮಾತಾಡುವಾಗ ಬಾವ ಉಂಡು ಎದ್ದು ನಮ್ಮ ಕೊಟ್ಟಿಗೆಗೆ ಹೋಗಿ ಕೂರುತ್ತಿದ್ದ. ನಾನೂ ಅವನನ್ನು ಕಾಡಿಸಿದವನೇ. ಅವನ ಜೋಡಿ ವೇದಿಕೆಯ ಮುಂದೆ ಬಂದರೆ ಊರ ಹೆಸರು ಹೇಳಿ ಮುಂದಕ್ಕೆ ಕಳಿಸುತ್ತಿದ್ದೆ. ಸ್ವಂತದವರು ಅಂತ ಜನ ಆಡಿಕೊಳ್ಳಬಾರದಲ್ಲ. ಮೂರನೆಯದಾಗಿಯೂ ಅವನ ಹೆಸರು ಹೇಳಿದ್ದಿಲ್ಲ.

ಬಾವನಿಗೂ ದೃಷ್ಟಿಯ ಭಯ ಬಹಳ. ಹೊಸದುರ್ಗದ ಕಡೆಯ ಓಟವೊಂದರಲ್ಲಿ ಯಾರೋ ಗೊತ್ತಿಲ್ಲದವರು ಬಂದು ಎತ್ತಿನ ಬೆನ್ನು ಸವರಿ, ಇವತ್ತು ನಿಮ್ದೇ ಅಂದರು. ಬಾವ ಕೂಡಲೇ ನೊಗ ಬಿಚ್ಚಿ, ಓಡಿಸದೆಯೇ ಮನೆಗೆ ಹೊಡೆದುಕೊಂಡು ಹೋಗಿದ್ದ. ಆ ಕಥೆ ಹೇಳಿ ನಾವು ಎಷ್ಟೋ ದಿನ ನಕ್ಕಿದ್ದೆವು.

ಆ ವರ್ಷ ಅಕ್ಕನ ಊರಿನ ಪಕ್ಕದಲ್ಲೇ, ನೀರು ಬತ್ತಿದ ಕೆರೆಯಂಗಳದಲ್ಲಿ ಓಟ ಇಟ್ಟಿದ್ದರು. ಹಿಂದಿನ ದಿನವೇ ಹೋಗಿ ಅಕ್ಕನ ಮನೆಯಲ್ಲಿ ಉಳಿದೆ. ಬಾವ ಗಾಡಿಯ ಕೀಲಿಗೆ ಎಣ್ಣೆ ತರಲು ಹಿರಿಯೂರಿಗೆ ಹೋಗಿದ್ದಾಗ ಅಕ್ಕ ನನ್ನನ್ನು ಕೊಟ್ಟಿಗೆಗೆ ಕರೆದಳು.

ಎಡಗಡೆ ಕಟ್ಟುವ ಎತ್ತು ಅಕ್ಕನೇ ಸಾಕಿದ್ದು. ಹುಟ್ಟಿದ ವಾರದಲ್ಲೇ ತಾಯಿ ಸತ್ತುಹೋಗಿತ್ತು. ಅಕ್ಕ ಬೇರೆ ಹಸುವಿನ ಹಾಲನ್ನು ಬಾಟಲಿಯಲ್ಲಿ ಕುಡಿಸಿ ಬೆಳೆಸಿದ್ದಳು. ಕೋಡು ಇಷ್ಟುದ್ದ ಬೆಳೆದ ಮೇಲೂ ಅದನ್ನು ಕೂಸೇ ಅಂತಲೇ ಕರೆಯುತ್ತಿದ್ದಳು. ನನ್ನ ಕೈ ಹಿಡಿದು ಅದರ ಮುಂಗಾಲಿನ ಮೇಲೆ ಇಟ್ಟಳು. ಮಂಡಿಯ ಕೆಳಗೆ ಬಿಸಿ ಇತ್ತು. ಒತ್ತಿದರೆ ಎತ್ತು ಕಾಲು ಎಳೆದುಕೊಳ್ಳುತ್ತಿತ್ತು.

"ನಿಮ್ಮ ಬಾವಂಗೆ ಹೇಳಿ ಹೇಳಿ ಸಾಕಾಯ್ತು," ಅಂದಳು. "ಬಿಸಿಲಿಗೆ ಹಂಗಾಗೈತೆ, ಓಡಿದ್ರೆ ಸರಿ ಹೋಗತ್ತೆ ಅಂತಾರೆ. ನನ್ನ ಮಾತು ಎಲ್ಲಿ ಕೇಳ್ತಾರೆ."

"ನಾನು ಹೇಳ್ಲಾ?"

"ನೀನು ಹೇಳಿದ್ರೆ ಇನ್ನೂ ಹಟ ಹಿಡೀತಾರೆ. ಓದಿದೋನು ನಂಗೆ ಎತ್ತಿನ ವಿಷ್ಯ ಹೇಳಕ್ಕೆ ಬಂದ ಅಂತಾರೆ." ಎತ್ತಿನ ಕೊರಳ ಕೆಳಗೆ ಜೋತ ಗಂಗೆದೊಗಲು ಸವರಿದಳು. "ಒಂದು ಕೆಲ್ಸ ಮಾಡಪ್ಪ. ನಾಳೆ ಮೈಕಲ್ಲಿ ಹೊಗಳಿಬಿಡು. ನಮ್ಮ ಜೋಡೀನೇ ಗೆಲ್ಲೋದು ಅಂತ ಎಲ್ಲರ ಮುಂದೆ ಜೋರಾಗಿ ಹೇಳು. ಬಿಚ್ಕಂಡು ಮನೆಗೆ ಬಂದುಬಿಡ್ತಾರೆ. ನಾನು ಹೇಳಿಸ್ದೆ ಅಂತ ಮಾತ್ರ ಯಾವತ್ತೂ ಅನ್ನಬ್ಯಾಡ."

ಎಷ್ಟು ಸುಲಭದ ಉಪಾಯ ಅನ್ನಿಸಿ ನನಗೆ ನಗು ಬಂತು. ಅಕ್ಕನೂ ನಕ್ಕಳು.

ಮಾರನೆಯ ದಿನ ಬಾವನ ಜೋಡಿ ವೇದಿಕೆಯ ಮುಂದೆ ಬಂದಾಗ ನಾನು ಎದ್ದು ನಿಂತೆ. ಈ ಜೋಡಿಯನ್ನು ಇಷ್ಟು ವರ್ಷ ನೋಡುತ್ತಾ ಬಂದಿದ್ದೇನೆ, ಇಂಥ ನಡಿಗೆ ಈ ಮೂರು ತಾಲ್ಲೂಕಿನಲ್ಲಿ ಇನ್ನೊಂದು ಜೋಡಿಗಿಲ್ಲ ಅಂದೆ. ಎತ್ತು ಓಡುವುದಲ್ಲ, ಸಾಕಿದವನ ಕೈ ಓಡಿಸುವುದು ಅಂದೆ. ಈ ಮನುಷ್ಯ ತಾನು ಉಣ್ಣುವ ಮುಂಚೆ ಎತ್ತಿಗೆ ಹುರುಳಿ ಇಡುತ್ತಾನೆ, ನಾನು ಕಣ್ಣಾರೆ ಕಂಡಿದ್ದೇನೆ ಅಂದೆ. ಇವತ್ತು ಮೊದಲನೆಯ ಬಹುಮಾನ ಇವರದೇ, ಬರೆದಿಟ್ಟುಕೊಳ್ಳಿ ಅಂದೆ. ಹೇಳುತ್ತಾ ಹೇಳುತ್ತಾ ನನಗೇ ಹುರುಪು ಬಂದಿತ್ತು. ಮಾವಿನ ಮರಕ್ಕೆ ಕಟ್ಟಿದ ಮೈಕಿನ ಹಾರ್ನು ಅಕ್ಕನ ಊರಿನ ದಿಕ್ಕಿಗೇ ಮುಖ ಮಾಡಿತ್ತು. ಅವಳಿಗೆ ಪ್ರತಿಯೊಂದು ಮಾತೂ ಕೇಳಿಸುತ್ತಿದೆ ಅಂತ ಗೊತ್ತಿತ್ತು. ಹೆಂಗಸರು ಓಟದ ಕಡೆ ಬರುವ ಪದ್ಧತಿ ಇರಲಿಲ್ಲ.

ಹೇಳಿ ಮುಗಿಸಿ ಬಾವನನ್ನು ನೋಡಿದೆ. ಈಗ ನೊಗಕ್ಕೆ ಕೈ ಹಾಕುತ್ತಾನೆ, ಈಗ ಬಿಚ್ಚುತ್ತಾನೆ ಅಂತ ಕಾದೆ. ಅವನು ಟವೆಲ್ ತೆಗೆದು ಮುಖ ಒರೆಸಿಕೊಂಡ. ಆಮೇಲೆ ವೇದಿಕೆಯ ಕಡೆ ತಿರುಗಿ ನನಗೆ ಕೈ ಮುಗಿದ. ಜೋಡಿಯನ್ನು ಸೀದಾ ಓಟದ ಗೆರೆಗೆ ಹೊಡೆದುಕೊಂಡು ಹೋದ.

ಮೊದಲ ಸುತ್ತಿನಲ್ಲಿ ಬಾವ ಗೆದ್ದುಬಿಟ್ಟ. ಜೊತೆಗೆ ಬಿಟ್ಟ ಎದುರಾಳಿ ಗಾಡಿ ಅರ್ಧ ದಾರಿಯಲ್ಲೇ ಹಿಂದೆ ಬಿತ್ತು. ಜನ ನನ್ನ ಕಡೆ ನೋಡಿ ಶಿಳ್ಳೆ ಹಾಕಿದರು. ನಾನು ಮೈಕ್ ಇನ್ನೊಬ್ಬರ ಕೈಗೆ ಕೊಟ್ಟು ಓಡಿದೆ. ಎಡಗಡೆಯ ಎತ್ತು ಮುಂಗಾಲನ್ನು ಪೂರಾ ಊರದೆ ನಿಂತಿತ್ತು.

"ಬಾವ, ಸಾಕು. ಬಿಚ್ಚಿ. ಕಾಲು ನೋಡಿ," ಅಂದೆ.

"ಗೆದ್ದೈತಲ್ಲಪ್ಪ. ಇನ್ನೆರಡು ಸುತ್ತು ಅಷ್ಟೇ."

"ನಾನು ಅಷ್ಟೊಂದು ಹೊಗಳಿದೀನಿ. ದೃಷ್ಟಿ ಆಗತ್ತೆ ಬಾವ."

ಅವನು ನಕ್ಕ. ಕಣ್ಣು ಒದ್ದೆಯಾಗಿತ್ತು. "ಬೇರೆ ಯಾರಾದ್ರೂ ಅಂದಿದ್ರೆ ಬಿಚ್ಕಂಡು ಹೋಗ್ತಿದ್ದೆ. ನೀನಂದ್ಯಲ್ಲ. ನಿಮ್ಮಕ್ಕನ್ನ ಕಟ್ಕಂಡು ಇಷ್ಟು ವರ್ಷ ಆಯ್ತು, ನಿಮ್ಮ ಮನೆಯೋರ ಬಾಯಲ್ಲಿ ನನ್ನ ಬಗ್ಗೆ ಒಂದು ಒಳ್ಳೆ ಮಾತು ಕೇಳಿದ್ದು ಇವತ್ತೇ. ಇನ್ನು ನಾನು ಓಡಿಸ್ದೆ ಹೋದ್ರೆ ನಿನ್ನ ಮಾತು ಸುಳ್ಳಾಗಲ್ವಾ?"

ಆ ಮಾತು ಸುಳ್ಳೇ, ನಿಮ್ಮನ್ನು ಹೆದರಿಸಿ ಮನೆಗೆ ಕಳಿಸಲು ಹೇಳಿದ್ದು ಅಂತ ಆ ಮುಖವನ್ನು ನೋಡಿಕೊಂಡು ಹೇಗೆ ಹೇಳುವುದು? ಹೇಳಿದರೆ ಅಕ್ಕನ ಗತಿ ಏನು? ಕಮಿಟಿಯವರ ಹತ್ತಿರ ಹೋಗಿ, ದನದ ಡಾಕ್ಟರಿಗೆ ಒಂದು ಸಲ ತೋರಿಸಿ ಅಂತ ಬೇಡಿಕೊಂಡೆ. ಅಧ್ಯಕ್ಷರು ನನ್ನನ್ನೇ ಮೇಲಿಂದ ಕೆಳಗೆ ನೋಡಿದರು.

"ಏನ್ರೀ ಮೇಷ್ಟ್ರೇ, ನೀವೇ ಗೆಲ್ಲತ್ತೆ ಅಂದ್ರಿ, ಗೆದ್ದೈತೆ. ಈಗ ನೀವೇ ನಿಲ್ಸಿ ಅಂತೀರಿ. ಜನ ನಮ್ಮನ್ನ ಬಿಡ್ತಾರಾ? ಹೋಗಿ ಮೈಕ್ ಹಿಡ್ಕಳ್ರಿ."

ಹೋಗಿ ಮೈಕ್ ಹಿಡಿದೆ. ಬೇರೆ ದಾರಿ ಇರಲಿಲ್ಲ.

ಎರಡನೆಯ ಸುತ್ತಿನಲ್ಲಿ ಅವನ ಗಾಡಿ ಮುಂದೆಯೇ ಇತ್ತು. ಮುಗಿಯುವ ಗೆರೆ ಇನ್ನೇನು ಬಂತು ಅನ್ನುವಾಗ ಎಡಗಡೆಯದು ಮುಂಗಾಲು ಮಡಿಸಿ ಕುಸಿಯಿತು. ಬಲಗಡೆಯದು ಅದನ್ನು ಅಷ್ಟು ದೂರ ಎಳೆದುಕೊಂಡೇ ಹೋಯಿತು. ಬಾವ ಎಗರಿ ಬಿದ್ದು, ಎದ್ದು, ಎತ್ತಿನ ಕತ್ತನ್ನು ತಬ್ಬಿಕೊಂಡ. ನಾನು ಸುಮ್ಮನಾಗಿಬಿಟ್ಟೆ. ಹಾರ್ನಿನಲ್ಲಿ ಬರೀ ಗೊರಗೊರ ಸದ್ದು. ಆ ಸುಮ್ಮನಿದ್ದದ್ದೂ ಅಕ್ಕನಿಗೆ ಕೇಳಿಸಿರಬೇಕು.

"ಮಾತಾಡ್ರಿ ಮೇಷ್ಟ್ರೇ, ಜನ ನುಗ್ತಾ ಅವ್ರೆ," ಅಂತ ಯಾರೋ ಬೆನ್ನಿಗೆ ತಿವಿದರು. ನಿಜವಾಗಿಯೂ ಜನ ಹಗ್ಗ ದಾಟಿ ನುಗ್ಗುತ್ತಿದ್ದರು. ಇನ್ನೊಂದು ಗಳಿಗೆ ಬಿಟ್ಟಿದ್ದರೆ ಎತ್ತನ್ನೂ ಬಾವನನ್ನೂ ತುಳಿದುಬಿಡುತ್ತಿದ್ದರು. ಯಾರೂ ಒಳಗೆ ಬರಬೇಡಿ, ಗಾಳಿ ಬಿಡಿ, ಡಾಕ್ಟರಿಗೆ ದಾರಿ ಬಿಡಿ ಅಂತ ಕೂಗುತ್ತಾ ಅಲ್ಲೇ ನಿಂತಿದ್ದೆ. ಕೆಳಗಿಳಿದು ಹೋಗಿ ಅವನ ಹೆಗಲು ಹಿಡಿಯಲು ನನ್ನಿಂದ ಆಗಲಿಲ್ಲ. ಈ ಗಂಟಲು ಯಾಕಾದರೂ ಇಷ್ಟು ದೊಡ್ಡದಾಯಿತೋ ಅಂತ ಅವತ್ತು ನನ್ನ ಮೇಲೆ ನನಗೇ ಸಿಟ್ಟು ಬಂತು.

ಎತ್ತಿನ ಕಾಲಿನ ಮೂಳೆ ಮುರಿದಿತ್ತು. ಟ್ರ್ಯಾಕ್ಟರಿನಲ್ಲಿ ಮನೆಗೆ ತಂದರು. ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಟ್ರ್ಯಾಕ್ಟರು ನಿಲ್ಲುವ ಮುಂಚೆಯೇ ಹೋಗಿ ಕೊಟ್ಟಿಗೆಯಲ್ಲಿ ಹುಲ್ಲು ಹಾಸಿದಳು. ಎತ್ತು ಮತ್ತೆ ಏಳಲಿಲ್ಲ. ವಾರ ತುಂಬುವುದರೊಳಗೆ ಹೋಗಿಬಿಟ್ಟಿತು. ಅಷ್ಟು ದಿನವೂ ಗಂಡಹೆಂಡಿರಿಬ್ಬರೂ ಅದರ ಪಕ್ಕದಲ್ಲೇ ಮಲಗಿದರು ಅಂತ ಆಮೇಲೆ ಕೇಳಿದೆ.

ಒಂದೇ ಒಂದು ಸಲ ಅಕ್ಕ ಆ ಮಾತು ಎತ್ತಿದಳು, ಅದೂ ವರ್ಷ ಕಳೆದ ಮೇಲೆ. "ಎಷ್ಟು ಚೆನ್ನಾಗಿ ಹೇಳ್ದೆ ನೀನು. ನಾನು ಅನ್ನಕ್ಕೆ ಇಟ್ಟಿದ್ದೆ. ಕೇಳ್ತಾ ಕೇಳ್ತಾ ನಂಗೂ ನಮ್ದು ಓಡ್ಲಿ, ಗೆಲ್ಲಲಿ ಅನ್ನಿಸಿಬಿಡ್ತು ಕಣಪ್ಪ." ಅಷ್ಟು ಹೇಳಿ ಬೇರೆ ಮಾತಿಗೆ ಹೋದಳು.

ಬಾವ ಮತ್ತೆ ಜೋಡಿ ಕಟ್ಟಲಿಲ್ಲ. ಉಳಿದ ಎತ್ತನ್ನು ಉಳುಮೆಗೆ ಹಾಕಿದ. ನನ್ನ ಮೇಲೆ ಅವನಿಗೆ ಒಂದಿಷ್ಟೂ ಬೇಸರವಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ನಾನು ಹೋದಾಗಲೆಲ್ಲ ಅಕ್ಕಪಕ್ಕದವರನ್ನು ಕರೆದು ಜಗಲಿಯ ಮೇಲೆ ಕೂರಿಸುತ್ತಾನೆ.

"ಇವ್ನೇ ನಮ್ಮ ಬಾಮೈದ. ಅವತ್ತು ಮೈಕಲ್ಲಿ ನಮ್ಮ ಜೋಡಿ ಬಗ್ಗೆ ಏನು ಹೇಳ್ದೆ, ಇವ್ರಿಗೂ ಒಂದು ಸಲ ಹೇಳಪ್ಪ. ಹಂಗಂಗೇ ಹೇಳು."

ನಾನು ಹೇಳುತ್ತೇನೆ. ಒಂದು ಮಾತು ಬಿಟ್ಟರೂ ಬಾವನೇ ನೆನಪಿಸುತ್ತಾನೆ, ಅವನಿಗೆ ಪೂರಾ ಬಾಯಿಪಾಠ. ಹೇಳಲು ಶುರು ಮಾಡಿದ ಕೂಡಲೇ ಅಕ್ಕ ಟೀ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋಗುತ್ತಾಳೆ. ನಾನು ಮುಗಿಸುವ ತನಕ ಹೊರಗೆ ಬರುವುದಿಲ್ಲ.