ಹುರುಳಿ ತಿಂದ ಎಂಟು ವಾರ

ಮೂವತ್ತು ವರ್ಷ ನಾನು ಬೇರೆಯವರ ಮದುವೆಗಳಲ್ಲಿ ಊಟ ಮಾಡಿದ್ದೇನೆ. ಕಾಪುವಿನಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ ಇದೆ. ಮದುವೆಯ ಫೋಟೋ ತೆಗೆಯುವವನನ್ನು ಕೆಲಸದ ಗಡಿಬಿಡಿ ಇದೆಯೆಂದು ಮೊದಲು ಉಣ್ಣಿಸುತ್ತಾರೆ, ಪಾಪ ದಣಿದಿದ್ದಾನೆಂದು ಕೊನೆಯಲ್ಲಿ ಮತ್ತೆ ಕೂರಿಸುತ್ತಾರೆ. ಎರಡಕ್ಕೂ ನಾನು ಬೇಡ ಎಂದವನಲ್ಲ. ಉಡುಪಿಯ ಹಾಲ್‌ಗಳಲ್ಲಿ ಪಾಯಸ, ಉದ್ಯಾವರದ ಕ್ರಿಶ್ಚಿಯನ್ ಮದುವೆಗಳಲ್ಲಿ ಹಂದಿ ಮಾಂಸ ಮತ್ತು ಕೇಕು, ಕಾರ್ಕಳದ ಕಡೆ ತುಪ್ಪ ಸುರಿದ ಹೋಳಿಗೆ. ಧರ್ಮಭೇದವಿಲ್ಲದೆ ತಿಂದೆ.

ಐವತ್ತೆರಡಕ್ಕೆ ಸಕ್ಕರೆ ಕಾಯಿಲೆ ಬಂತು. ಡಾಕ್ಟರು ಟೈಪ್ ಟು ಎಂದರು. ಟೈಪ್ ಒನ್ ಅಲ್ಲವಲ್ಲ, ಎರಡನೇ ದರ್ಜೆಯದ್ದು ಸ್ವಲ್ಪ ಸೌಮ್ಯ ಇರಬೇಕು ಎಂದುಕೊಂಡು ನಾನು ಮಾತ್ರೆಯನ್ನೂ ನುಂಗಿದೆ, ಹೋಳಿಗೆಯನ್ನೂ ನುಂಗಿದೆ. ಹೀಗೆ ನಾಲ್ಕು ವರ್ಷ ಕಳೆಯಿತು.

ಒಂದು ದಿನ ಮಣಿಪಾಲದಲ್ಲಿ ಡಾಕ್ಟರ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತಿದ್ದಾಗ ಫೈಲು ಹಿಡಿದ ಹುಡುಗಿಯೊಬ್ಬಳು ಬಂದಳು. ಆಹಾರ ವಿಜ್ಞಾನ ಓದುತ್ತಿದ್ದವಳು, ಘಟ್ಟದ ಮೇಲಿನ ಊರಿನವಳು. ಮಧುಮೇಹ ಇರುವವರು ಊಟ ಬದಲಿಸಿದರೆ ಅವರ ಕರುಳಿನ ಬ್ಯಾಕ್ಟೀರಿಯಾಗಳು ಹೇಗೆ ಬದಲಾಗುತ್ತವೆ ಎಂದು ನೋಡುವುದು ಅವಳ ಓದಿನ ಕೊನೆಯ ಕೆಲಸವಂತೆ. ಎಂಟು ವಾರ ಅವಳು ಹೇಳಿದ್ದನ್ನು ತಿನ್ನಬೇಕು, ತಿಂದದ್ದನ್ನೆಲ್ಲ ಪುಸ್ತಕದಲ್ಲಿ ಬರೆಯಬೇಕು, ಮೊದಲೊಮ್ಮೆ ಕೊನೆಗೊಮ್ಮೆ ಸ್ಯಾಂಪಲ್ ಕೊಡಬೇಕು.

"ಎಂತ ಸ್ಯಾಂಪಲ್?" ಎಂದು ಕೇಳಿದೆ.

"ಮಲ," ಎಂದಳು, ದನಿ ಸ್ವಲ್ಪವೂ ತಗ್ಗಿಸದೆ. ಬೆಂಚಿನಲ್ಲಿ ನನ್ನ ಪಕ್ಕ ಕೂತಿದ್ದವರು ಎದ್ದು ಎದುರಿನ ಬೆಂಚಿಗೆ ಹೋದರು.

ನನ್ನ ಮುಖ ನೋಡಿ ಅವಳು ಕಾಗದದ ಮೇಲೆ ಕರುಳಿನ ಚಿತ್ರ ಬಿಡಿಸಿದಳು. ಕಾಳು ಸೊಪ್ಪುಗಳಲ್ಲಿರುವ ನಾರು ನಮಗೆ ಜೀರ್ಣವಾಗುವುದಿಲ್ಲ, ಹಾಗೆಯೇ ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿರುವ ಬ್ಯಾಕ್ಟೀರಿಯಾಗಳಿಗೆ ಅದೇ ಊಟ. ತಿಂದು ಅವು ಬಿಡುವ ಕೆಲವು ಆಮ್ಲಗಳು ಕರುಳಿನ ಗೋಡೆಗೆ ಒಳ್ಳೆಯದು, ಸಕ್ಕರೆ ಹಿಡಿತದಲ್ಲಿರಲೂ ನೆರವಾಗಬಹುದು. ಬರೀ ಮೈದಾ, ಬರೀ ಸಿಹಿ ತಿಂದರೆ ಅವುಗಳ ಪಾಲಿಗೆ ಏನೂ ಉಳಿಯುವುದಿಲ್ಲ. "ನೀವು ಮದುವೆಮನೆಯಲ್ಲಿ ಉಂಡಿದ್ದೀರಿ ಅಂಕಲ್, ಅವು ಉಪವಾಸ ಇವೆ," ಎಂದಳು. ಆದರೆ ಯಾವುದರಿಂದ ಯಾವುದಾಯಿತು ಎಂದು ಖಚಿತವಾಗಿ ಹೇಳುವುದು ಕಷ್ಟ, ನಾನು ನುಂಗುವ ಮಾತ್ರೆಯೂ ಅವುಗಳನ್ನು ಬದಲಿಸುತ್ತದೆ ಎಂದೂ ಸೇರಿಸಿದಳು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವವರು ಆಸ್ಪತ್ರೆಯಲ್ಲಿ ನನಗೆ ಸಿಕ್ಕಿದ್ದು ಅಪರೂಪ. ಒಪ್ಪಿದೆ.

ಮೊದಲ ಸ್ಯಾಂಪಲ್ಲನ್ನು ತಣ್ಣಗೆ ಇಟ್ಟುಕೊಂಡೇ ಮಣಿಪಾಲಕ್ಕೆ ಒಯ್ಯಬೇಕಿತ್ತು. ಮೀನು ಮಾರುವ ನನ್ನ ಭಾವ ಒಂದು ಸಣ್ಣ ಥರ್ಮಾಕೋಲ್ ಪೆಟ್ಟಿಗೆ ಕೊಟ್ಟ, ಯಾಕೆಂದು ಕೇಳಲಿಲ್ಲ. ಡಬ್ಬಿಯನ್ನು ಐಸಿನಲ್ಲಿ ಹೂತು, ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಉಡುಪಿ ಬಸ್ಸಿನಲ್ಲಿ ಕೂತೆ. ಪಕ್ಕದಲ್ಲಿ ಕೂತವರು ಬುಟ್ಟಿ ಖಾಲಿ ಮಾಡಿ ಮನೆಗೆ ಹೊರಟಿದ್ದ ಮೀನು ಮಾರುವ ಹೆಂಗಸು. ಎಂತ ಮೀನು ಎಂದು ಕೇಳಿದರು. ಮೀನಲ್ಲ, ಮದ್ದು ಎಂದೆ. ಅವರು ನಂಬಲಿಲ್ಲ. ಬಗ್ಗಿ ಪೆಟ್ಟಿಗೆಯ ಮುಚ್ಚಳದ ಹತ್ತಿರ ಮೂಗು ತಂದು, ಜೀವಮಾನದ ಅನುಭವದಿಂದ ತೀರ್ಪು ಕೊಟ್ಟರು.

"ಯಾರೋ ನಿಮಗೆ ಮೋಸ ಮಾಡಿದ್ದಾರೆ ಮಾರಾಯ್ರೆ. ಇದು ಇವತ್ತಿನದ್ದಲ್ಲ."

ಅದು ಅವತ್ತು ಬೆಳಿಗ್ಗೆಯದ್ದೇ. ವಾಸನೆ ಭಾವನ ಪೆಟ್ಟಿಗೆಯದ್ದು. ಆದರೆ ವಾದ ಮಾಡುವ ಧೈರ್ಯ ನನಗೆ ಬರಲಿಲ್ಲ. ಮಾರಿದವನಿಗೆ ಹಿಂದೆ ಕೊಟ್ಟು ಬನ್ನಿ ಎಂದು ಅವರು ಉಡುಪಿಯವರೆಗೂ ಹೇಳುತ್ತಲೇ ಇದ್ದರು.

ಊಟದ ಪಟ್ಟಿ ಹೊಸತೇನಲ್ಲ. ಕುಚ್ಚಲಕ್ಕಿ ಅನ್ನ ತಟ್ಟೆಯ ಅರ್ಧಕ್ಕಿಂತ ಕಡಿಮೆ, ಬಸಳೆ, ಮೊಳಕೆ ಬಂದ ಹೆಸರುಕಾಳು, ದಿನಕ್ಕೊಮ್ಮೆ ಹುರುಳಿ, ಮೀನು ಸಾರಿನಲ್ಲಿದ್ದರೆ ಆಗಬಹುದು, ಹುರಿದದ್ದು ಬೇಡ. ನನ್ನ ಹೆಂಡತಿ ಇಪ್ಪತ್ತೈದು ವರ್ಷ ಹುರುಳಿ ಸಾರು ಮಾಡಿದಾಗಲೆಲ್ಲ ನಾನು ಬಟ್ಟಲನ್ನು ಆಚೆ ಸರಿಸಿದ್ದೆ. ಪಟ್ಟಿಯನ್ನು ಅವಳು ಎರಡು ಸಲ ಓದಿದಳು. ಮರುದಿನ ಅಂಗಡಿಯಿಂದ ಐದು ಕಿಲೋ ಹುರುಳಿ ತರಿಸಿದಳು.

ಬೇಗ ಫಲ ಸಿಗಲಿ ಎಂದು ನಾನು ಪಟ್ಟಿಯಲ್ಲಿದ್ದಕ್ಕಿಂತ ದುಪ್ಪಟ್ಟು ಹುರುಳಿ ತಿಂದೆ. ಎರಡನೇ ವಾರ ಉದ್ಯಾವರದ ಇಗರ್ಜಿಯಲ್ಲಿ ಒಂದು ಮದುವೆ. ಫಾದರ್ ಪ್ರಶ್ನೆ ಕೇಳಿ, ಮದುಮಗಳ ಉತ್ತರಕ್ಕಾಗಿ ಕಾಯುತ್ತಿದ್ದರು. ಸೂಜಿ ಬಿದ್ದರೂ ಕೇಳುವಷ್ಟು ಮೌನ. ಒಳ್ಳೆಯ ಕೋನ ಸಿಗಲೆಂದು ನಾನು ಮೊಣಕಾಲೂರಿ ಬಗ್ಗಿದೆ. ಆಗ ಬಂದ ಶಬ್ದ ಬೆಂಚು ಎಳೆದ ಹಾಗಿತ್ತು, ಆದರೆ ಯಾರೂ ಬೆಂಚು ಎಳೆದಿರಲಿಲ್ಲ. ಫಾದರ್ ಕಣ್ಣು ಮುಚ್ಚಿಕೊಂಡರು. ಮದುಮಗ ನೆಲ ನೋಡಿದ. ಮದುಮಗಳು ಮಾತ್ರ ಹೂಗುಚ್ಛದ ಹಿಂದೆ ಉಸಿರುಗಟ್ಟಿ ನಕ್ಕಳು, ನನ್ನ ಬೆರಳು ಅಭ್ಯಾಸಬಲದಿಂದ ಒತ್ತಿತು. ಆ ಮನೆಯವರು ಗೋಡೆಗೆ ಹಾಕಲು ಆರಿಸಿದ್ದು ಅದೇ ಫೋಟೋ. ಅಷ್ಟು ಚೆನ್ನಾಗಿ ನಗಿಸಿದ್ದು ಹೇಗೆಂದು ಮದುಮಗಳ ತಾಯಿ ಕೇಳಿದರು. ಅನುಭವ ಎಂದೆ.

ಮಣಿಪಾಲದ ಹುಡುಗಿಗೆ ಫೋನಿನಲ್ಲಿ ವಿಷಯ ತಿಳಿಸಿದೆ. ಅವಳು ನಗು ತಡೆದುಕೊಂಡು, ಬ್ಯಾಕ್ಟೀರಿಯಾಗಳಿಗೆ ಒಮ್ಮೆಲೇ ಅಷ್ಟು ನಾರು ಸಿಕ್ಕಿದರೆ ಹಾಗಾಗುತ್ತದೆ, ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸಿ, ನೀರು ಕುಡಿಯಿರಿ ಎಂದಳು. ಹಾಗೆ ಮಾಡಿದೆ, ಹೊಟ್ಟೆ ಸುಮ್ಮನಾಯಿತು.

ಸುಮ್ಮನಾಗದ್ದು ನಾಲಿಗೆ. ಐದನೇ ವಾರ ಕಾರ್ಕಳದಲ್ಲಿ ಒಂದು ಮದುವೆ. ಮೂರು ಹೋಳಿಗೆ, ಎರಡು ಸಲ ಪಾಯಸ. ಮನೆಗೆ ಬಂದು ಪುಸ್ತಕದಲ್ಲಿ ಬರೆದೆ: ಕುಚ್ಚಲಕ್ಕಿ ಅನ್ನ, ಹುರುಳಿ ಸಾರು, ಬಸಳೆ. ಆಮೇಲಿನ ಮೂರು ಮದುವೆಗಳಲ್ಲೂ ನಾನು ಬಸಳೆಯನ್ನೇ ತಿಂದೆ, ಪುಸ್ತಕದ ಪ್ರಕಾರ.

ಎಂಟನೇ ವಾರ ಎರಡನೇ ಡಬ್ಬಿಯ ಜೊತೆ ಪುಸ್ತಕವನ್ನೂ ಕೊಟ್ಟೆ. ಅವಳು ಪುಟ ತಿರುಗಿಸಿ ಸಂತೋಷಪಟ್ಟಳು. ಬೇರೆಯವರು ಐಸ್‌ಕ್ರೀಮು, ಬನ್ಸು ಎಂದೆಲ್ಲ ಬರೆದಿದ್ದಾರಂತೆ, ನನ್ನಷ್ಟು ಶಿಸ್ತಿನವರು ಒಬ್ಬರೂ ಇಲ್ಲವಂತೆ. ತನ್ನ ಮೇಷ್ಟರಿಗೆ ಇದನ್ನು ತೋರಿಸುತ್ತೇನೆ ಎಂದಳು. ನಾನು ಬಸ್ ಸ್ಟ್ಯಾಂಡಿನವರೆಗೆ ನಡೆದು ಹೋದೆ. ಬಸ್ಸು ಬಂತು, ಹತ್ತಲಿಲ್ಲ. ಡಾಕ್ಟರಿಗೆ ಸುಳ್ಳು ಹೇಳುವುದು ನನಗೆ ಅಭ್ಯಾಸವೇ. ಆದರೆ ಈ ಹುಡುಗಿ ನನ್ನ ಮಲವನ್ನು ಇಷ್ಟು ಗೌರವದಿಂದ ನೋಡುತ್ತಿದ್ದಳು, ನಾನು ಅವಳಿಗೆ ಸುಳ್ಳು ಬಸಳೆ ಬಡಿಸಿದ್ದೆ. ಹಿಂದೆ ಹೋಗಿ ಹೇಳಿದೆ.

ಅವಳು ಪುಸ್ತಕವನ್ನು ಮತ್ತೆ ತೆರೆದು ಬಸಳೆಯ ಪುಟಗಳನ್ನು ಒಂದೊಂದಾಗಿ ನೋಡಿದಳು. ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಸುಲಭವಾಗುತ್ತಿತ್ತು.

"ಯಾವ ದಿನ ಏನು ತಿಂದಿರಿ, ನೆನಪಿದೆಯಾ?"

"ನೆನಪಿಲ್ಲ. ಆದರೆ ಫೋಟೋ ಉಂಟು."

ಮಾರನೇ ದಿನ ಲ್ಯಾಪ್‌ಟಾಪ್ ಒಯ್ದೆ. ನಾಲ್ಕು ಮದುವೆಗಳ ಊಟದ ಪಂಕ್ತಿಗಳನ್ನು ದೊಡ್ಡದು ಮಾಡಿ, ಬಾಳೆಲೆಯ ಮೂಲೆ ಮೂಲೆ ನೋಡಿ, ಅದರಲ್ಲಿ ನಾನು ಯಾವ ಐಟಂ ಎಷ್ಟು ಸಲ ತಿಂದೆ ಎಂದು ಕೇಳಿ ಅವಳು ಬರೆದುಕೊಂಡಳು. ಕಾರ್ಕಳದ ಮದುವೆಯ ಒಂದು ಫೋಟೋವನ್ನು ಗಂಡಿನ ಕಡೆಯ ಫೋಟೋಗ್ರಾಫರ್ ತೆಗೆದಿದ್ದ. ಅದರಲ್ಲಿ ನಾನೇ ಇದ್ದೆ. ಕುತ್ತಿಗೆಯಲ್ಲಿ ಕ್ಯಾಮೆರಾ, ಬಾಯಲ್ಲಿ ಅರ್ಧ ಹೋಳಿಗೆ, ಮುಖದಲ್ಲಿ ನನ್ನ ಸ್ವಂತ ಮದುವೆಯಲ್ಲೂ ಕಾಣದ ತೃಪ್ತಿ.

"ಇದು ಎಷ್ಟನೆಯದು?" ಎಂದು ಕೇಳಿದಳು.

"ಮೂರನೆಯದು."

ಬರೆದುಕೊಂಡಳು. ಆಮೇಲೆ ಇಬ್ಬರಿಗೂ ನಗು ಬಂತು.

ಕೆಲವು ತಿಂಗಳ ನಂತರ ಅವಳು ಬಣ್ಣ ಬಣ್ಣದ ಪಟ್ಟಿಗಳ ಒಂದು ಚಿತ್ರ ತೋರಿಸಿದಳು. ನಾರು ತಿನ್ನುವ ಕೆಲವು ಜಾತಿಯ ಬ್ಯಾಕ್ಟೀರಿಯಾಗಳು ನನ್ನಲ್ಲಿ ಮೊದಲಿಗಿಂತ ಹೆಚ್ಚಾಗಿದ್ದವು. ಸಕ್ಕರೆಯೂ ಸ್ವಲ್ಪ ಇಳಿದಿತ್ತು, ಡಾಕ್ಟರು ಮಾತ್ರೆ ಹೆಚ್ಚಿಸಲಿಲ್ಲ. ಆದರೆ ಅದು ಹುರುಳಿಯಿಂದಲೋ, ಮಾತ್ರೆಯಿಂದಲೋ, ಒಬ್ಬನನ್ನು ನೋಡಿ ಹೇಳಲಾಗದು ಎಂದಳು. ಪುಸ್ತಕದಲ್ಲಿ ಮೊದಲು ಸುಳ್ಳು ಬರೆದು ಆಮೇಲೆ ತಿದ್ದಿದ್ದರಿಂದ ನನ್ನ ಸ್ಯಾಂಪಲ್ಲನ್ನು ಉಳಿದವರ ಲೆಕ್ಕದಿಂದ ಹೊರಗಿಡಬೇಕೆಂದು ಅವಳ ಮೇಷ್ಟರು ಹೇಳಿದ್ದರಂತೆ. ನನ್ನ ಫೋಟೋಗಳನ್ನು ಜನ ಬೇಡವೆಂದದ್ದುಂಟು, ಇದು ಅದಕ್ಕಿಂತ ಹೆಚ್ಚು ನೋಯಿಸಿತು. ಅವಳು ಅದನ್ನು ಗಮನಿಸಿ, ಹೇಳಿದ್ದು ಒಳ್ಳೆಯದಾಯಿತು ಅಂಕಲ್, ಇಲ್ಲದಿದ್ದರೆ ನಾನು ಹೋಳಿಗೆಯ ಫಲವನ್ನು ಬಸಳೆಯದ್ದೆಂದು ಬರೆಯುತ್ತಿದ್ದೆ ಎಂದಳು. ಓದು ಮುಗಿಸಿ ಊರಿಗೆ ಹೋದಳು.

ಹುರುಳಿ ಈಗ ವಾರಕ್ಕೆ ನಾಲ್ಕು ದಿನ. ಮದುವೆಗಳಲ್ಲಿ ಒಂದೇ ಹೋಳಿಗೆ, ಕೆಲವೊಮ್ಮೆ ಎರಡು. ಎರಡಾದ ದಿನ ಮನೆಗೆ ಬಂದ ಕೂಡಲೇ ಹೆಂಡತಿಗೆ ಹೇಳಿಬಿಡುತ್ತೇನೆ. ಅವಳು ತಲೆಯೆತ್ತದೆ ಕೇಳಿಸಿಕೊಂಡು, ನಾಳೆಗೆ ಇನ್ನೊಂದು ಹಿಡಿ ಕಾಳು ನೆನೆಹಾಕುತ್ತಾಳೆ.